ಹತ್ತಿ ಹೊಲದ ಹಾಡು, ಬೆಂಗಳೂರಿನ ಗಿಟಾರು

ಹತ್ತಿ ಬಿಡಿಸೋದು ಅಂದ್ರೆ ಏನಂತ ಮಾನ್ವಿ, ದೇವದುರ್ಗದ ಕಡೆಯವರಿಗೆ ಹೇಳಬೇಕಾಗಿಲ್ಲ. ಸೊಂಟ ಬಗ್ಗಿಸಿದ್ದು ಬಗ್ಗಿಸಿದ್ದೇ, ಬೆರಳು ಸೀಳುತ್ತವೆ, ಹಾಡಿಕೊಂಡೇ ಸಾಲು ಮುಗಿಸಬೇಕು. ರಾಯಚೂರು ಮಾರುಕಟ್ಟೆಗೆ ಬಂದು ಬೀಳುವ ಹತ್ತಿಯ ಹಿಂದೆ ಆ ಹಾಡೂ ಇದೆ.

ಅಮೆರಿಕದ ಮಿಸಿಸಿಪ್ಪಿಯಲ್ಲೂ ಹಿಂಗೇ. 1865ರಲ್ಲಿ ಗುಲಾಮಗಿರಿ ಹೋಯಿತು, ಹತ್ತಿ ಹೊಲದ ದುಡಿತ ಹೋಗಲಿಲ್ಲ. ಕಪ್ಪು ಜನ ತಮ್ಮ ಸಂಕಟವನ್ನೇ ಗಿಟಾರು ಬಾರಿಸಿ ಹಾಡಿದರು. ಅದೇ 'ಬ್ಲೂಸ್'. ಮಡ್ಡಿ ವಾಟರ್ಸ್ ಎಂಬ ಹೊಲದಾಳಿನ ಗುಡಿಸಿಲಿಗೆ 1941ರಲ್ಲಿ ಸರ್ಕಾರಿ ಗ್ರಂಥಾಲಯದವರು ರೆಕಾರ್ಡಿಂಗ್ ಮಷೀನು ಹೊತ್ತು ಬಂದರು. ತನ್ನ ದನಿ ತಾನೇ ಕೇಳಿದ ಆಳು 1943ರಲ್ಲಿ ಶಿಕಾಗೋ ರೈಲು ಹತ್ತಿದ. ದೇವದುರ್ಗದ ಹೊಲಕ್ಕೆ ಅಂಥ ಮಷೀನು ಎಷ್ಟು ಸಲ ಬಂದಿದೆಯೋ, ಬಲ್ಲವರೇ ಹೇಳಬೇಕು!

1950ರಲ್ಲಿ ಅವನ 'ರೋಲಿನ್ ಸ್ಟೋನ್' ತಟ್ಟೆ ಹೊರಬಂತು. 1962ರಲ್ಲಿ ಲಂಡನ್ನಿನ ಹುಡುಗರು ಅದೇ ಹೆಸರನ್ನು ತಮ್ಮ ತಂಡಕ್ಕಿಟ್ಟು 'ರೋಲಿಂಗ್ ಸ್ಟೋನ್ಸ್' ಆದರು.

ಅಷ್ಟೊತ್ತಿಗೆ ಬೆಂಗಳೂರಿನಲ್ಲಿ ರೇಡಿಯೋ ಸಿಲೋನಿಗೆ ಕಿವಿಗೊಟ್ಟು ಬೆಳೆದ ಹುಡುಗನೊಬ್ಬನಿದ್ದ. ಕೊಡವರ ಮನೆತನದ ಬಿದ್ದು ಅಪ್ಪಯ್ಯ, ಹುಟ್ಟಿದ್ದು 1945. ಗೆಳೆಯರನ್ನು ಕಟ್ಟಿಕೊಂಡು 'ಟ್ರೋಜನ್ಸ್' ತಂಡ ಮಾಡಿದ. ಅಮೆರಿಕದಲ್ಲಿ ಇಂಥ ಹುಡುಗರು ಮನೆಯ ಕಾರ್ ಶೆಡ್ಡಿನಲ್ಲಿ ತಾಲೀಮು ಮಾಡುತ್ತಿದ್ದರು, ಅದಕ್ಕೇ 'ಗ್ಯಾರೇಜ್ ರಾಕ್' ಅನ್ನೋ ಹೆಸರು. ರಾಯಚೂರಿನಲ್ಲಿ ಗ್ಯಾರೇಜ್ ಅಂದ್ರೆ ಲಾರಿ, ಗ್ರೀಸು, ಸ್ಪ್ಯಾನರು. ಅದು ಬೇರೆ ಸಂಗೀತ ಬಿಡಿ.

ಟ್ರೋಜನ್ಸ್ ಹುಡುಗರು ಬಾರಿಸಿದ್ದು ಹೆಚ್ಚಾಗಿ ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಹಾಡು. ಹೆರವರ ಸರಕು, ನಿಜ. ಆದರೆ ಬೊಂಬಾಯಿ, ಕಲ್ಕತ್ತಾದವರೆಗೂ ಹೆಸರು ಹೋಯಿತು. ತಂಡ ಒಡೆಯಿತು, ಬಿದ್ದು 'ಒಂಟಿ ಟ್ರೋಜನ್' ಅಂತ ಒಬ್ಬನೇ ಹಾಡಿದ. 1967ರಲ್ಲಿ ಇಂಗ್ಲೆಂಡಿಗೆ ಹೊರಟ. ಕೈಯಲ್ಲಿ ದುಡ್ಡಿಲ್ಲ, ದಾರಿಯಲ್ಲಿ ಸಿಕ್ಕ ಗಾಡಿ ಹತ್ತಿ, ಹಾಡಿ ಗಳಿಸಿಕೊಂಡು ಹೋದದ್ದು.

1974ರಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಬೇರೊಂದು ಹಾಡಿನ ಕೆಲಸ ಮುಗಿದಿತ್ತು. ತಟ್ಟೆಯ ಹಿಂಬದಿಗೆ ಏನಾದರೂ ಬೇಕಲ್ಲ? ಉಳಿದ ಹತ್ತು ನಿಮಿಷದಲ್ಲಿ ಕಾರ್ಲ್ ಡಗ್ಲಾಸ್‌ನಿಂದ 'ಕುಂಗ್ ಫೂ ಫೈಟಿಂಗ್' ಹಾಡಿಸಿದ. ಇಂಗ್ಲೆಂಡ್, ಅಮೆರಿಕ ಎರಡರಲ್ಲೂ ಅದೇ ನಂಬರ್ ಒನ್!

ಈ ಹೆಸರೆಲ್ಲ ಗೊತ್ತಿಲ್ಲ ಅನ್ನುವವರೂ ಬಿದ್ದುವಿನ ಒಂದು ಹಾಡಂತೂ ಕೇಳಿರುತ್ತಾರೆ. 1980ರ 'ಕುರ್ಬಾನಿ' ಸಿನಿಮಾದ 'ಆಪ್ ಜೈಸಾ ಕೋಯಿ'. ಹಾಡಿದ ನಾಜಿಯಾ ಹಸನ್‌ಗೆ ಆಗ ಹದಿನೈದರ ವಯಸ್ಸು.