ಕಡತಕ್ಕೂ ಒಂದು ಬೆರಳಚ್ಚು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೊಬ್ಬರಿ ವ್ಯವಹಾರದ ಲೆಕ್ಕವೂ ಈಗ ಕಂಪ್ಯೂಟರ್ ಸೇರಿದೆ. ಶೆಟ್ಟಿಕೆರೆಯಂಥ ಊರಿನ ಸಹಕಾರ ಸಂಘವೊಂದರಲ್ಲಿ ಹಣ ದುರುಪಯೋಗದ ದೂರು ಬಂದು, ಪೊಲೀಸರು ಅದರ ಕಂಪ್ಯೂಟರನ್ನು ವಶಪಡಿಸಿಕೊಂಡರೆಂದು ಭಾವಿಸೋಣ. ಅದರೊಳಗೆ ಲಕ್ಷಗಟ್ಟಲೆ ಕಡತಗಳಿರುತ್ತವೆ. ಅವುಗಳಲ್ಲಿ ಗುಮಾಸ್ತರು ಬರೆದದ್ದು ಯಾವುದು, ತಂತ್ರಾಂಶದೊಡನೆ ಬಂದದ್ದು ಯಾವುದು?

ಇದನ್ನು ಬೇರ್ಪಡಿಸುವ ಸಾಧನವೇ ‘ಹ್ಯಾಶ್’. ಕಡತವನ್ನು ಇಡಿಯಾಗಿ ಗಣಿತ ಸೂತ್ರವೊಂದಕ್ಕೆ ಒಳಪಡಿಸಿದಾಗ ದೊರೆಯುವ ಗುರುತಿನ ಸಂಖ್ಯೆಯಿದು. ಎಸ್‌ಎಚ್‌ಎ-256 ವಿಧಾನದಲ್ಲಿ ಇದನ್ನು 64 ಅಂಕಿ-ಅಕ್ಷರಗಳಲ್ಲಿ ಬರೆಯುತ್ತಾರೆ. ಕಡತದ ಹೆಸರು ಬದಲಿಸಿದರೂ ಈ ಸಂಖ್ಯೆ ಬದಲಾಗದು. ಒಳಗಿನ ಒಂದೇ ಅಕ್ಷರ ತಿದ್ದಿದರೂ ಪೂರ್ತಿ ಬೇರೆಯಾಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು ಬಳಕೆಯಲ್ಲಿರುವ ತಂತ್ರಾಂಶಗಳನ್ನು ಸಂಗ್ರಹಿಸಿ, ಅವುಗಳ ಕಡತಗಳ ಹ್ಯಾಶ್ ಪಟ್ಟಿಯನ್ನು ಉಚಿತವಾಗಿ ಒದಗಿಸುತ್ತಿದೆ. ತನಿಖಾಧಿಕಾರಿ ಅದರೊಡನೆ ತಾಳೆ ನೋಡಿ ಪರಿಚಿತ ಕಡತಗಳನ್ನು ಬದಿಗಿರಿಸಬಹುದು. ಉಳಿದವುಗಳ ಪರಿಶೀಲನೆ ಹಗುರವಾಗುತ್ತದೆ.

ಆದರೆ ಪರಿಚಿತವಾದುದೆಲ್ಲ ನಿರಪಾಯಕಾರಿಯಲ್ಲ. ಮಾಹಿತಿ ಮರೆಮಾಚುವ ತಂತ್ರಾಂಶಗಳೂ ಆ ಪಟ್ಟಿಯಲ್ಲಿವೆ. ಹಾಗೆಯೇ, ಪಟ್ಟಿಯಲ್ಲಿ ಇಲ್ಲದ ಮಾತ್ರಕ್ಕೆ ಕಡತವೊಂದು ಸಂಶಯಾಸ್ಪದವೂ ಅಲ್ಲ. ಸೇರಿಸಿದ್ದನ್ನು ಮಾತ್ರ ಪಟ್ಟಿ ಗುರುತಿಸಬಲ್ಲದು. ಸ್ಥಳೀಯವಾಗಿ ಸಿದ್ಧಪಡಿಸಿದ ಲೆಕ್ಕದ ತಂತ್ರಾಂಶವು ದೂರದ ದೇಶದ ಪಟ್ಟಿಯಲ್ಲಿ ದೊರೆಯುವುದೆಂದು ನಿರೀಕ್ಷಿಸಲಾಗದು. ತಂತ್ರಾಂಶ ಪರಿಷ್ಕರಣೆಗೊಂಡಾಗಲೆಲ್ಲ ಬದಲಾದ ಕಡತಗಳ ಹ್ಯಾಶ್ ಕೂಡ ಬೇರೆಯಾಗುತ್ತದೆ.

ಈ ವಿಷಯಕ್ಕೆ ಈಗ ಕಾನೂನಿನ ಮಹತ್ವವೂ ಬಂದಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ವಿದ್ಯುನ್ಮಾನ ದಾಖಲೆಯ ಹ್ಯಾಶ್ ನಮೂದಿಸಬೇಕು. ಆದರೆ ನಮೂನೆಯಲ್ಲಿ ಎಂಡಿ5 ಹಾಗೂ ಎಸ್‌ಎಚ್‌ಎ-1 ವಿಧಾನಗಳಿಗೂ ಅವಕಾಶವಿದೆ. ಎರಡು ಭಿನ್ನ ಕಡತಗಳಿಗೆ ಒಂದೇ ಹ್ಯಾಶ್ ಬರುವಂತೆ ಮಾಡಬಹುದೆಂದು ಎಂಡಿ5ರ ವಿಷಯದಲ್ಲಿ 2004ರಲ್ಲಿ, ಎಸ್‌ಎಚ್‌ಎ-1ರ ವಿಷಯದಲ್ಲಿ 2017ರಲ್ಲಿ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಎಸ್‌ಎಚ್‌ಎ-256ನ್ನೇ ಕಡ್ಡಾಯಗೊಳಿಸುವುದು ಲೇಸು.

ಎರಡನೆಯದಾಗಿ, ನುಡಿ, ಬರಹ, ಸರ್ಕಾರಿ ಕಚೇರಿಗಳ ಮತ್ತು ಸಹಕಾರ ಸಂಘಗಳ ತಂತ್ರಾಂಶಗಳು, ಇವೆಲ್ಲದರ ಪ್ರತಿ ಆವೃತ್ತಿಯ ಹ್ಯಾಶ್ ಪಟ್ಟಿಯನ್ನು ರಾಜ್ಯವೇ ಪ್ರಕಟಿಸಬೇಕು. ‘ಭೂಮಿ’ ಯೋಜನೆಯ ಮೂಲಕ ಪಹಣಿಗಳನ್ನು ಗಣಕೀಕರಿಸಿದ ಆಡಳಿತಕ್ಕೆ ಇದು ಅಸಾಧ್ಯವೇನಲ್ಲ. ಮೂರನೆಯದಾಗಿ, ಕಂಪ್ಯೂಟರಿನ ಪ್ರತಿ ತೆಗೆದ ಕೂಡಲೇ ಅದರ ಹ್ಯಾಶನ್ನು ಮಹಜರಿನೊಡನೆ ಸಂಬಂಧಪಟ್ಟವರಿಗೂ ಲಿಖಿತವಾಗಿ ನೀಡಬೇಕು. ತನ್ನ ಲೆಕ್ಕವನ್ನು ಬಳಿಕ ಯಾರೂ ತಿದ್ದಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಹಳ್ಳಿಯ ಗುಮಾಸ್ತನ ಬಳಿ ಉಳಿಯುವ ಆಧಾರ ಅದೊಂದೇ.