ಪಾರದರ್ಶಕ ದೂರದರ್ಶನ ಮನೆಗೆ ತಕ್ಕುದೇ?

ಮನೆಗೆ ಬರುವ ಪ್ರತಿಯೊಂದು ವಸ್ತುವೂ ಬೆಲೆಯೊಡನೆ ಒಂದಿಷ್ಟು ಸ್ಥಳವನ್ನೂ ಒಂದಿಷ್ಟು ಹೊತ್ತನ್ನೂ ಬೇಡುತ್ತದೆ. ಬೆಲೆಯನ್ನು ಒಮ್ಮೆ ತೆತ್ತರೆ ಮುಗಿಯಿತು. ಹೊತ್ತನ್ನು ದಿನದಿನವೂ ತೆರಬೇಕು. ದೂರದರ್ಶನದ ವಿಷಯದಲ್ಲಿ ಈ ಮಾತು ಸಂಪೂರ್ಣ ಸತ್ಯ.

ನಮ್ಮ ನಾಡಿನ ಹಳ್ಳಿಗಳಿಗೆ ಅದು ಬಂದ ಬಗೆಯನ್ನು ಸ್ಮರಿಸೋಣ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳು ಸೇರಿದ್ದವು. ಅಂದಿನ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಆಗ ಪೆಟ್ಟಿಗೆಯೊಂದೇ, ನೋಡುವವರು ಊರವರೆಲ್ಲ. 1987ರಲ್ಲಿ ‘ರಾಮಾಯಣ’ ಆರಂಭವಾದಾಗಲೂ ಒಂದು ಮನೆಯ ಪಡಸಾಲೆಯಲ್ಲಿ ಕೇರಿಯೇ ನೆರೆಯುತ್ತಿತ್ತು. ಅನಂತರ ಅದು ಮನೆಮನೆಗೂ ಬಂದು, ತೆಳುವಾಗಿ ಗೋಡೆಯನ್ನೇರಿತು.

ಇದೀಗ ಅದು ಗಾಜಿನಂತಾಗಿದೆ. ಚೀನಾದ ಶಿಯೋಮಿ ಸಂಸ್ಥೆ 2020ರಲ್ಲಿ 55 ಅಂಗುಲದ ಪಾರದರ್ಶಕ ದೂರದರ್ಶನವನ್ನು ಹೊರತಂದಿತು. ಕೊರಿಯಾದ ಎಲ್‌ಜಿ ಸಂಸ್ಥೆ 77 ಅಂಗುಲದ್ದನ್ನು 2024ರ ಜನವರಿಯಲ್ಲಿ ಲಾಸ್ ವೇಗಾಸ್ ನಗರದಲ್ಲಿ ಪ್ರದರ್ಶಿಸಿ, ಅದೇ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಆಗ ಅದರ ಬೆಲೆ 59,999 ಡಾಲರು ಆಗಿತ್ತು. ಎಂದರೆ ಸುಮಾರು 50 ಲಕ್ಷ ರೂಪಾಯಿ! ಅದೇ ಅಳತೆಯ ಸಾಮಾನ್ಯ ಓಎಲ್‌ಇಡಿ ದೂರದರ್ಶನ ಇದರ ಹತ್ತರಲ್ಲೊಂದು ಪಾಲಿಗೂ ಕಡಿಮೆ ಬೆಲೆಗೆ ದೊರೆಯುತ್ತದೆ.

ಇಷ್ಟು ದೂರದ ವಸ್ತುವಿನ ಚಿಂತೆ ಉಬ್ರಾಣಿಯ ಮನೆಗಳಿಗೇಕೆ ಎಂದು ಕೇಳಬಹುದು. ಚನ್ನಗಿರಿ ಸೀಮೆ ಅಡಕೆಯ ಸೀಮೆ. ಧಾರಣೆ ಕೈಹಿಡಿದ ವರ್ಷ ಹೊಸ ಮನೆಗಳು ಏಳುತ್ತವೆ. ಪಡಸಾಲೆಯ ಮುಖ್ಯ ಗೋಡೆ ದೂರದರ್ಶನಕ್ಕೇ ಮೀಸಲಾಗುತ್ತದೆ. ಇಂದು ಸಿರಿವಂತರ ಬೆರಗಾದುದು ನಾಳೆ ಬೆಲೆಯಿಳಿದು ನೆರೆಮನೆಗೆ ಬರುತ್ತದೆ. ತೆಳು ಪರದೆಯೂ ಹಾಗೆಯೇ ಬಂದಿತು. ಆದುದರಿಂದ ವಿವೇಚನೆ ಮೊದಲೇ ಇರಲಿ.

ಇದರ ಮರ್ಮ ಸರಳವಾದುದು. ಈ ಪರದೆಯ ಒಂದೊಂದು ಬಿಂದುವೂ ತಾನೇ ಬೆಳಗುತ್ತದೆ. ಸಾಮಾನ್ಯ ಪರದೆಯಲ್ಲಿ ಬಿಂದು ಆರಿದರೆ ಕಪ್ಪು. ಪಾರದರ್ಶಕದಲ್ಲಿ ಆರಿದರೆ ಹಿಂದಿನ ವಸ್ತು ಕಾಣುತ್ತದೆ. ಎಂದರೆ ಚಿತ್ರದಲ್ಲಿ ಕತ್ತಲೆಯೇ ಇಲ್ಲ. ರಾತ್ರಿಯ ದೃಶ್ಯ ಬಂದಾಗ ಹಿಂದಿನ ಕಿಟಕಿಯ ಬಿಸಿಲು ಅದರೊಳಗೆ ಇಣುಕುತ್ತದೆ. ಈ ಕೊರತೆಯನ್ನು ನೀಗಲು ತಯಾರಕರು ಪರದೆಯ ಹಿಂದೆ ಕಪ್ಪು ಹಾಳೆಯೊಂದು ಕೆಳಗಿನಿಂದ ಮೇಲೇರುವಂತೆ ಮಾಡಿದ್ದಾರೆ. ಹಾಳೆ ಏರಿತೆಂದರೆ ಅದು ಎಲ್ಲ ದೂರದರ್ಶನಗಳಂತೆ ಇನ್ನೊಂದು! ಚೆನ್ನಾಗಿ ನೋಡಬೇಕಾದರೆ ಪಾರದರ್ಶಕತೆಯನ್ನು ಬಿಡಬೇಕು. ಪಾರದರ್ಶಕತೆ ಬೇಕಾದರೆ ಚಿತ್ರದ ಸೊಗಸನ್ನು ಬಿಡಬೇಕು. ಗೋಡೆಗೆ ಒರಗಿಸಿಟ್ಟರಂತೂ ಆ ಗಾಜಿನಾಚೆ ಕಾಣುವುದು ಗೋಡೆಯೇ.

ಇದಕ್ಕೆ ತಕ್ಕ ಸ್ಥಳವಿಲ್ಲವೆಂದಲ್ಲ. 2020ರಲ್ಲಿ ಬೀಜಿಂಗ್ ಮತ್ತು ಷೆನ್‌ಜೆನ್ ನಗರಗಳ ಮೆಟ್ರೋ ರೈಲುಗಳ ಕಿಟಕಿಗಳಿಗೆ ಇಂತಹ ಪರದೆಗಳನ್ನು ಅಳವಡಿಸಿದರು. ಮುಂದಿನ ನಿಲ್ದಾಣದ ಹೆಸರೂ ಹೊರಗಿನ ನೋಟವೂ ಒಟ್ಟಿಗೆ ಕಾಣುತ್ತಿದ್ದವು. ಅಂಗಡಿಯ ಗಾಜಿಗೆ, ವಸ್ತುಸಂಗ್ರಹಾಲಯದ ಪೆಟ್ಟಿಗೆಗೆ ಇದು ಒಪ್ಪುತ್ತದೆ. ಅಲ್ಲಿ ಹಿಂದಿರುವ ವಸ್ತುವೂ ಕಾಣಬೇಕು. ಮನೆಯಲ್ಲಿ ಆ ಅಗತ್ಯವೆಲ್ಲಿ?

ಆರಿಸಿದಾಗ ಗೋಡೆಯ ಮೇಲೆ ಕರಿಯ ಚೌಕ ಕಾಣಬಾರದು ಎಂಬುದೇ ಇದರ ಪರವಾದ ಮುಖ್ಯ ವಾದ. ಹಿಂದಿನ ಎಷ್ಟೋ ಪೆಟ್ಟಿಗೆಗಳಿಗೆ ಸರಿಸಿ ಮುಚ್ಚುವ ಮರದ ಬಾಗಿಲಿರುತ್ತಿತ್ತು. ಅದರ ಮೇಲೆ ಹೆಣ್ಣುಮಕ್ಕಳು ಕಸೂತಿಯ ಬಟ್ಟೆ ಹೊದಿಸುತ್ತಿದ್ದರು. ಅಷ್ಟರಿಂದಲೇ ಆ ಕೆಲಸ ಆಗುತ್ತಿತ್ತು. ಬಾಗಿಲು ಮುಚ್ಚಿದೊಡನೆ ನೋಡುವ ಹೊತ್ತು ಮುಗಿಯಿತೆಂಬುದು ಮಕ್ಕಳಿಗೂ ತಿಳಿಯುತ್ತಿತ್ತು. ಸದಾ ತೆರೆದಿರುವ ಗಾಜು ಅಂತಹ ಎಲ್ಲೆಯನ್ನು ತೋರಿಸಲಾರದು.

ಬಾಂಧವರೇ, ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಭಾರವನ್ನು ಹೊತ್ತವರಿಗೆ ಇನ್ನೊಂದು ಭಾರ ಬೇಡ. ಆರಿದಾಗ ದೂರದರ್ಶನ ಹೇಗೆ ಕಾಣುತ್ತದೆ ಎಂಬುದಕ್ಕಿಂತ ದಿನಕ್ಕೆ ಎಷ್ಟು ಹೊತ್ತು ಅದು ಆರಿರುತ್ತದೆ ಎಂಬುದೇ ಗೃಹಸ್ಥರು ಕೇಳಬೇಕಾದ ಪ್ರಶ್ನೆ. ಸಂಜೆಯ ಪೂಜೆ, ಮಕ್ಕಳ ಓದು, ಎಲ್ಲರೂ ಕುಳಿತು ಸ್ವೀಕರಿಸುವ ಪ್ರಸಾದ: ಈ ಮೂರು ಹೊತ್ತು ಅದು ಮೌನವಾಗಿದ್ದರೆ, ಗೋಡೆಯ ಮೇಲಿನ ಕರಿಯ ಚೌಕದಿಂದ ಮನೆಗೆ ಯಾವ ಕುಂದೂ ಇಲ್ಲ. ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಲು ಯಾವ ಗಾಜೂ ಬೇಕಿಲ್ಲ.