ಗರ್ಭಿಣಿಗೆ ಫ್ಲೂ ಲಸಿಕೆ: ಹಾಕಿಸಬೇಕೆ, ಬೇಡವೆ?

ಮುಂಗಾರು ಹತ್ತಿರ ಬಂದಂತೆ ನಮ್ಮಂಥ ಸಣ್ಣ ಊರಿನ ವೈದ್ಯರ ಬಳಿ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ. "ಡಾಕ್ಟ್ರೇ, ಸೊಸೆಗೆ ಆರು ತಿಂಗಳು ತುಂಬ್ತು. ಪೇಟೆ ನರ್ಸಿಂಗ್ ಹೋಮಿನಲ್ಲಿ ಫ್ಲೂ ಇಂಜೆಕ್ಷನ್ ಹಾಕಿಸಿ ಅಂತ ಬರೆದುಕೊಟ್ಟಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಮಾತೇ ಎತ್ತಲಿಲ್ಲ. ನಾವೆಲ್ಲ ಹೆತ್ತಾಗ ಇದೆಲ್ಲಿತ್ತು?" ಕೇಳುವವರು ಸಾಮಾನ್ಯವಾಗಿ ಅತ್ತೆ. ಗರ್ಭಿಣಿ ಪಕ್ಕದಲ್ಲಿ ಮಾತಿಲ್ಲದೆ ಕುಳಿತಿರುತ್ತಾಳೆ. ಪ್ರಶ್ನೆಯೇನೋ ನ್ಯಾಯವಾದದ್ದೇ. ಒಬ್ಬ ವೈದ್ಯರು ಬೇಕು ಎಂದು, ಇನ್ನೊಬ್ಬರು ಸುಮ್ಮನಿದ್ದರೆ ಮನೆಯವರು ಯಾರನ್ನು ನಂಬಬೇಕು?

ಫ್ಲೂ ಎಂದರೆ ನೆಗಡಿಯಲ್ಲ. ಔಷಧಿ ತೆಗೆದುಕೊಂಡರೆ ಏಳು ದಿನ, ಇಲ್ಲದಿದ್ದರೆ ಒಂದು ವಾರ ಎಂದು ನಾವು ತಮಾಷೆ ಮಾಡುವುದು ನೆಗಡಿಯ ಬಗ್ಗೆ. ಫ್ಲೂ ಇನ್‌ಫ್ಲುಯೆಂಜ ಎಂಬ ವೈರಸ್ಸಿನಿಂದ ಬರುವ ಬೇರೆಯೇ ಕಾಯಿಲೆ. ಬೆಳಿಗ್ಗೆ ಚೆನ್ನಾಗಿದ್ದವರಿಗೆ ಸಂಜೆಗೆ 102, 103 ಡಿಗ್ರಿ ಜ್ವರ, ಮೈಕೈ ಮುರಿದು ಹಾಕಿದಂಥ ನೋವು, ಒಣಕೆಮ್ಮು, ಎದ್ದು ನಿಲ್ಲಲಾಗದಷ್ಟು ಸುಸ್ತು. ಗಟ್ಟಿಮುಟ್ಟಾದವರು ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಆ ಕೆಲವರಲ್ಲಿ ಗರ್ಭಿಣಿಯರೂ ಇದ್ದಾರೆ ಎಂಬುದೇ ಇಲ್ಲಿನ ಮುಖ್ಯ ವಿಷಯ.

ಇದಕ್ಕೆ ಕಾರಣ ಗರ್ಭಿಣಿಯ ದೇಹದಲ್ಲಿ ಆಗುವ ಬದಲಾವಣೆಗಳು. ತನ್ನದಲ್ಲದ ಒಂದು ಜೀವವನ್ನು ಒಂಬತ್ತು ತಿಂಗಳು ಹೊರಗೆ ತಳ್ಳದೆ ಇಟ್ಟುಕೊಳ್ಳಬೇಕಾದ್ದರಿಂದ ತಾಯಿಯ ರೋಗನಿರೋಧಕ ವ್ಯವಸ್ಥೆ ತನ್ನ ವರ್ತನೆಯನ್ನು ಬದಲಿಸಿಕೊಳ್ಳುತ್ತದೆ. ಹೃದಯ ಎಂದಿಗಿಂತ ಹೆಚ್ಚು ರಕ್ತವನ್ನು ತಳ್ಳಬೇಕು. ಬೆಳೆದ ಗರ್ಭಕೋಶ ವಪೆಯನ್ನು ಮೇಲಕ್ಕೆ ಒತ್ತಿ, ಶ್ವಾಸಕೋಶ ಅರಳಲು ಇರುವ ಜಾಗವನ್ನು ಕಡಿಮೆ ಮಾಡುತ್ತದೆ. ಆಮ್ಲಜನಕದ ಅಗತ್ಯ ಮಾತ್ರ ಹೆಚ್ಚಾಗಿರುತ್ತದೆ. ಮಹಡಿ ಹತ್ತಿದರೇ ಏದುಸಿರು ಬರುವ ಎಂಟು ತಿಂಗಳ ಬಸುರಿಗೆ ನ್ಯುಮೋನಿಯಾ ಬಂದರೆ ಏನಾದೀತೆಂದು ವಿವರಿಸಬೇಕಿಲ್ಲ. 1918ರ ಮಹಾಮಾರಿಯಲ್ಲೂ 2009ರ ಎಚ್1ಎನ್1 ಪಿಡುಗಿನಲ್ಲೂ ಗರ್ಭಿಣಿಯರಿಗೆ ಹೆಚ್ಚಿನ ಪೆಟ್ಟು ಬಿತ್ತು. 2009ರಲ್ಲಿ ಹಂದಿಜ್ವರ ಎಂದು ಹೆದರಿದೆವಲ್ಲ, ಆ ವೈರಸ್ಸು ಎಲ್ಲಿಗೂ ಹೋಗಿಲ್ಲ. ಅದೀಗ ಪ್ರತಿವರ್ಷ ಸುತ್ತುವ ಮಾಮೂಲಿ ಫ್ಲೂಗಳಲ್ಲಿ ಒಂದು. 2015ರಲ್ಲಿ ಅದು ನಮ್ಮ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಜನರಲ್ಲಿ ಪತ್ತೆಯಾಗಿ, ಸುಮಾರು 3 ಸಾವಿರ ಮಂದಿಯನ್ನು ಬಲಿ ತೆಗೆದುಕೊಂಡಿತು.

ಇಷ್ಟು ಹೇಳಿದರೂ ಅತ್ತೆಯವರ ಮುಖದಲ್ಲಿ ಅನುಮಾನ ಉಳಿದೇ ಇರುತ್ತದೆ. ಆಗ ನಾನು ಹೇಳುವುದು ಮಗುವಿನ ವಿಷಯ.

ಆರು ತಿಂಗಳು ತುಂಬುವವರೆಗೆ ಮಗುವಿಗೆ ಫ್ಲೂ ಲಸಿಕೆ ಕೊಡುವಂತಿಲ್ಲ. ಅಷ್ಟು ಎಳೆಯ ಮಗುವಿಗೇ ಫ್ಲೂ ಬಂದರೆ ಅಪಾಯ ಹೆಚ್ಚು. ಈ ಆರು ತಿಂಗಳ ತೆರಪನ್ನು ತುಂಬಲು ಇರುವ ದಾರಿ ತಾಯಿಯದು. ಅವಳಿಗೆ ಲಸಿಕೆ ಹಾಕಿದರೆ ಎರಡು ವಾರಗಳಲ್ಲಿ ಅವಳ ರಕ್ತದಲ್ಲಿ ಪ್ರತಿಕಾಯಗಳು ತಯಾರಾಗುತ್ತವೆ. ಅವು ಮಾಸುವಿನ ಮೂಲಕ ಮಗುವನ್ನು ಸೇರುತ್ತವೆ. ಮಗು ಹುಟ್ಟುವಾಗಲೇ ಸ್ವಲ್ಪ ರಕ್ಷಣೆಯನ್ನು ಕಟ್ಟಿಕೊಂಡು ಬರುತ್ತದೆ. ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಯಾವುದೋ ಶ್ರೀಮಂತ ದೇಶವಲ್ಲ, ನೆರೆಯ ಬಾಂಗ್ಲಾದೇಶ. ಅಲ್ಲಿ 340 ಗರ್ಭಿಣಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫ್ಲೂ ಲಸಿಕೆ ಪಡೆದ ತಾಯಂದಿರ ಶಿಶುಗಳಲ್ಲಿ ಪರೀಕ್ಷೆಯಿಂದ ಖಚಿತವಾದ ಫ್ಲೂ ಶೇ 63ರಷ್ಟು ಕಡಿಮೆ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಅಧ್ಯಯನದಲ್ಲಿ ತಾಯಿ, ಮಗು ಇಬ್ಬರಲ್ಲೂ ಫ್ಲೂ ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು.

ಅರ್ಧದಷ್ಟು ಎಂಬುದನ್ನು ಗಮನಿಸಿ. ಈ ಲಸಿಕೆ ಹಾಕಿಸಿಕೊಂಡವರಿಗೆ ಫ್ಲೂ ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವೈರಸ್ಸು ವರ್ಷ ವರ್ಷ ವೇಷ ಬದಲಿಸುತ್ತದೆ, ಲಸಿಕೆ ಅದರ ಬೆನ್ನು ಹತ್ತಿ ಹೋಗುತ್ತದೆ. ಕೆಲವು ವರ್ಷ ಹೊಂದಾಣಿಕೆ ಚೆನ್ನಾಗಿರುತ್ತದೆ, ಕೆಲವು ವರ್ಷ ಇರುವುದಿಲ್ಲ. ನೆಗಡಿಗಂತೂ ಇದು ತಡೆಯೇ ಅಲ್ಲ. "ಲಸಿಕೆ ಹಾಕಿಸಿದ ಮೇಲೂ ಮೂಗು ಸೋರ್ತಿದೆ" ಎಂದು ದೂರು ತರುವವರಿಗೆ ಇದನ್ನು ಮೊದಲೇ ಹೇಳಿಡಬೇಕಾಗುತ್ತದೆ.

ಇನ್ನು ಭಯದ ವಿಷಯ. "ಹೊಟ್ಟೆಯಲ್ಲಿರೋ ಕೂಸಿಗೆ ಏನಾದ್ರೂ ಆದ್ರೆ?" ಗರ್ಭಿಣಿಗೆ ಕೊಡುವ ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇರುವುದಿಲ್ಲ. ಕೊಂದ ವೈರಸ್ಸಿನ ತುಣುಕುಗಳಷ್ಟೇ ಇರುತ್ತವೆ, ಆದ್ದರಿಂದ ಲಸಿಕೆಯಿಂದ ಫ್ಲೂ ಬರಲಾರದು. ಮೂಗಿಗೆ ಸಿಂಪಡಿಸುವ ಇನ್ನೊಂದು ಬಗೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಅದು ಗರ್ಭಿಣಿಯರಿಗೆ ಸಲ್ಲದು. ಚುಚ್ಚಿದ ತೋಳು ಒಂದೆರಡು ದಿನ ನೋಯಬಹುದು, ಮೈ ಸ್ವಲ್ಪ ಬೆಚ್ಚಗಾಗಬಹುದು. ಅಮೆರಿಕದಲ್ಲಿ 2004ರಿಂದ ಗರ್ಭಾವಸ್ಥೆಯ ಯಾವ ತಿಂಗಳಲ್ಲಾದರೂ ಕೊಡಬಹುದೆಂಬ ಸಲಹೆ ಇದೆ. ಅಂದಿನಿಂದ ಅದೆಷ್ಟೋ ಲಕ್ಷ ಗರ್ಭಿಣಿಯರು ಅದನ್ನು ಪಡೆದಿದ್ದಾರೆ.

ಒಂದು ಅನುಮಾನ ನಡುವೆ ಎದ್ದದ್ದು ನಿಜ, ಅದನ್ನು ಮುಚ್ಚಿಡುವುದು ಸರಿಯಲ್ಲ. 2017ರಲ್ಲಿ ಅಮೆರಿಕದಿಂದಲೇ ಬಂದ ಒಂದು ವರದಿ, ಸತತ ಎರಡು ವರ್ಷ ಎಚ್1ಎನ್1 ಅಂಶವಿದ್ದ ಲಸಿಕೆ ಪಡೆದವರಲ್ಲಿ ಮೊದಲ ತಿಂಗಳುಗಳ ಗರ್ಭಪಾತ ಹೆಚ್ಚೇನೋ ಎಂಬ ಶಂಕೆ ವ್ಯಕ್ತಪಡಿಸಿತು. ಅದೇ ತಂಡ ಇನ್ನಷ್ಟು ಹೆಚ್ಚು ಮಹಿಳೆಯರ ಮಾಹಿತಿ ಇಟ್ಟುಕೊಂಡು ಮತ್ತೆ ನೋಡಿತು. 2019ರಲ್ಲಿ ಬಂದ ಫಲಿತಾಂಶದಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಮೊದಲನೆಯ ಸುದ್ದಿ ಊರೆಲ್ಲ ಸುತ್ತಿತು, ಎರಡನೆಯದು ಅಷ್ಟಾಗಿ ಸುತ್ತಲಿಲ್ಲ.

ಹಾಗಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಏಕೆ ಹೇಳಲಿಲ್ಲ? ಅಲ್ಲಿ ಉಚಿತವಾಗಿ ಕೊಡುವ ಲಸಿಕೆಗಳ ಪಟ್ಟಿಯಲ್ಲಿ ಗರ್ಭಿಣಿಯರಿಗೆ ಇರುವುದು ಟಿ.ಡಿ. ಚುಚ್ಚುಮದ್ದು. ನಮ್ಮವರು ಇಂದಿಗೂ ಅದನ್ನು ಟಿ.ಟಿ. ಎಂದೇ ಕರೆಯುತ್ತಾರೆ. ಫ್ಲೂ ಲಸಿಕೆ ಆ ಪಟ್ಟಿಯಲ್ಲಿಲ್ಲ. ಕೊಡಲು ಇಲ್ಲದ್ದನ್ನು ಆಶಾ ಕಾರ್ಯಕರ್ತೆ ಪ್ರಸ್ತಾಪಿಸುವುದು ಹೇಗೆ? ಪ್ರಸ್ತಾಪಿಸಲಿಲ್ಲ ಎಂದರೆ ಬೇಡ ಎಂದರ್ಥವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿಯೇ ಗರ್ಭಿಣಿಯರಿಗೆ ಫ್ಲೂ ಲಸಿಕೆಯಲ್ಲಿ ಮೊದಲ ಆದ್ಯತೆ ಕೊಡುವಂತೆ ಹೇಳಿದೆ. ಫಾಗ್ಸಿ ಎಂದು ಕರೆಯುವ ನಮ್ಮ ದೇಶದ ಪ್ರಸೂತಿ ತಜ್ಞರ ಒಕ್ಕೂಟವೂ 26ನೇ ವಾರದಿಂದ ಮುಂದೆ ಕೊಡುವಂತೆ ಸಲಹೆ ಮಾಡಿದೆ. ರೋಗ ಜೋರಾಗಿ ಹರಡಿದ್ದರೆ ಅದಕ್ಕೂ ಮೊದಲೇ ಕೊಡಬಹುದು.

26 ವಾರ ಎಂದರೆ ಏಳನೇ ತಿಂಗಳು ಹತ್ತಿರ ಬಂದಂತೆಯೇ. ನಮ್ಮ ಕಡೆ ಸೀಮಂತಕ್ಕೆ ದಿನ ನೋಡುವ ಕಾಲ. ಮನೆ ತುಂಬ ನೆಂಟರು, ಆಮೇಲೆ ತವರಿಗೆ ಬಸ್ ಪ್ರಯಾಣ, ಹೆರಿಗೆಯಾದ ಮೇಲೆ ಕೂಸನ್ನು ನೋಡಲು ಬರುವವರ ಸಾಲು. ಫ್ಲೂ ಹರಡಲು ಇದಕ್ಕಿಂತ ಅನುಕೂಲ ಬೇಕೆ? ಸೀಮಂತಕ್ಕೆ ಎರಡು ವಾರ ಮೊದಲೇ ಲಸಿಕೆ ಹಾಕಿಸಿದರೆ ಲೆಕ್ಕ ಸರಿಹೋಗುತ್ತದೆ. ನಮ್ಮಲ್ಲಿ ಫ್ಲೂ ಮುಖ್ಯವಾಗಿ ಮಳೆಗಾಲದಲ್ಲಿ ಏಳುತ್ತದೆ, ವರ್ಷದ ಮೊದಲ ತಿಂಗಳುಗಳಲ್ಲಿ ಇನ್ನೊಮ್ಮೆ ತಲೆ ಎತ್ತುತ್ತದೆ. ಹೀಗಾಗಿ ಮಳೆಗಾಲದಲ್ಲಿ ದಿನ ತುಂಬುವವರು ಏಪ್ರಿಲ್, ಮೇ ತಿಂಗಳಲ್ಲೇ ವೈದ್ಯರನ್ನು ಕೇಳುವುದು ಒಳ್ಳೆಯದು. ಹೊಸ ತಯಾರಿಕೆಯದೇ ಆಗಿರಲಿ. ಹಳೆಯ ವರ್ಷದ ಉಳಿಕೆ ಬೇಡ. ಹಿಂದಿನ ಬಸುರಿನಲ್ಲಿ ಹಾಕಿಸಿದ್ದು ಈ ಬಸುರಿಗೆ ಲೆಕ್ಕಕ್ಕಿಲ್ಲ. ಟಿ.ಡಿ. ಕೊಡುವ ದಿನವೇ ಇನ್ನೊಂದು ತೋಳಿಗೆ ಇದನ್ನೂ ಕೊಡಬಹುದು.

ಬೆಲೆ ಒಂದೂವರೆ, ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿದೆ. ಕೂಲಿ ಮಾಡಿ ಬದುಕುವ ಮನೆಗೆ ಇದು ಸಣ್ಣ ಮೊತ್ತವಲ್ಲ ಎಂದು ನನಗೆ ಗೊತ್ತು. ಆದರೆ ಅದೇ ಮನೆಗಳು ಗರ್ಭಿಣಿಗೆಂದು ಡಬ್ಬಿ ಡಬ್ಬಿ ಪ್ರೋಟೀನ್ ಪುಡಿ, ಬಣ್ಣದ ಟಾನಿಕ್ ಕೊಳ್ಳುವುದನ್ನೂ ನೋಡುತ್ತಿರುತ್ತೇನೆ. ಆ ಪುಡಿಯ ಕೆಲಸವನ್ನು ಬೇಳೆ, ಕಾಳು, ಹಾಲು ಮಾಡುತ್ತವೆ. ಲಸಿಕೆಯ ಕೆಲಸವನ್ನು ಅವು ಮಾಡಲಾರವು. ಆಸ್ತಮಾ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಗರ್ಭಿಣಿಯಾದರೆ ಬೇರೆ ಖರ್ಚು ಹಿಡಿದಾದರೂ ಹಾಕಿಸಿ ಎನ್ನುತ್ತೇನೆ.

ಲಸಿಕೆಯ ದಿನ ಜ್ವರ ಹೆಚ್ಚಿದ್ದರೆ ಇಳಿಯುವವರೆಗೆ ತಡೆಯಿರಿ. ಹಿಂದೆ ಈ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದವರು ತೆಗೆದುಕೊಳ್ಳಬಾರದು. ಬಹುಪಾಲು ಫ್ಲೂ ಲಸಿಕೆಗಳ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ಮೊಟ್ಟೆ ತಿಂದರೆ ಅಲರ್ಜಿಯಾಗುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಲಿ. ಶಾಕಾಹಾರಿಗಳ ಮನೆಯವರು ಕೇಳಿದರೆ ನಾನು ಇದನ್ನು ಮರೆಮಾಚುವುದಿಲ್ಲ. ತಿಳಿದ ಮೇಲೂ ಬಹಳ ಮಂದಿ ಒಪ್ಪುತ್ತಾರೆ.

ಹಣ ಹೊಂದಲಿಲ್ಲ, ಅಥವಾ ಮನಸ್ಸು ಒಪ್ಪಲಿಲ್ಲ ಎನ್ನುವವರು ಇಷ್ಟಾದರೂ ಮಾಡಿ. ಕೆಮ್ಮು, ಜ್ವರ ಇರುವ ನೆಂಟರನ್ನು, ಅವರು ಎಷ್ಟೇ ಹತ್ತಿರದವರಾದರೂ, ಗರ್ಭಿಣಿ ಮತ್ತು ಬಾಣಂತಿಯ ಕೋಣೆಯಿಂದ ದೂರವಿಡಿ. ಹೆರಿಗೆಗೆ ಮೊದಲು ಆಗದಿದ್ದರೆ ಆದ ಮೇಲೆ ಹಾಕಿಸಬಹುದು, ಹಾಲೂಡಿಸಲು ಅಡ್ಡಿಯಿಲ್ಲ. ಗರ್ಭಿಣಿಗೆ ಮೈಕೈ ನೋವು, ಕೆಮ್ಮಿನ ಜೊತೆ ಜ್ವರ ಬಂದರೆ ಕಷಾಯ ಕುಡಿಸಿ ನಾಲ್ಕು ದಿನ ನೋಡೋಣ ಎಂದು ಕೂರಬೇಡಿ. ಪ್ಯಾರಸಿಟಮಾಲ್ ಕೊಟ್ಟು ಅದೇ ದಿನ ವೈದ್ಯರಿಗೆ ತೋರಿಸಿ. ಅಂಗಡಿಯಿಂದ ಬ್ರುಫೆನ್, ಆಸ್ಪಿರಿನ್ ತಂದು ನುಂಗಿಸಬೇಡಿ. ಫ್ಲೂ ಎಂದು ಅನುಮಾನ ಬಂದರೆ ಗರ್ಭಿಣಿಗೆ ಪರೀಕ್ಷೆಯ ವರದಿಗೆ ಕಾಯದೆ ಓಸೆಲ್ಟಾಮಿವಿರ್ ಮಾತ್ರೆ ಶುರುಮಾಡುವ ಕ್ರಮವಿದೆ. ಜ್ವರ ಬಂದ ಎರಡು ದಿನದೊಳಗೆ ಶುರುವಾದರೆ ಅದರ ಪ್ರಯೋಜನ ಹೆಚ್ಚು. ಉಸಿರಾಟ ಕಷ್ಟವಾದರೆ, ತುಟಿ ನೀಲಿಯಾದರೆ, ಎದೆ ನೋವು ಬಂದರೆ, ಮಗುವಿನ ಅಲುಗಾಟ ಕಡಿಮೆ ಎನ್ನಿಸಿದರೆ ಹತ್ತಿರದ ಕ್ಲಿನಿಕ್ಕಿಗೂ ಹೋಗದೆ ನೇರವಾಗಿ ಆಕ್ಸಿಜನ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ರಾತ್ರಿಯಾದರೆ 108ಕ್ಕೆ ಫೋನ್ ಮಾಡಿ. ಹೊರಡುವಾಗ ತಾಯಿ ಕಾರ್ಡ್ ಕೈಯಲ್ಲಿರಲಿ. ಲಸಿಕೆ ಹಾಕಿಸಿದ್ದರೆ ಅದರ ತಾರೀಕನ್ನೂ ಅದರಲ್ಲೇ ಬರೆಸಿಟ್ಟಿರಿ.